ಐದು ಬದಿಯ ಮನೆ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಉರಿಗಾಂನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕ್ಯಾಸಂಬಳ್ಳಿಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಒಂದು ದಿನ ಎಂಟನೇ ತರಗತಿಗೆ ಟೆಸಲೇಶನ್ ಪಾಠ ಶುರು ಮಾಡಿದೆ. ಒಂದೇ ಅಳತೆಯ ಆಕೃತಿಗಳನ್ನು ನೆಲಕ್ಕೆ ಟೈಲ್ಸ್ ಹಾಕಿದಂತೆ ಸಂದಿಯಿಲ್ಲದೆ ಜೋಡಿಸುತ್ತಾ ಹೋಗುವುದು, ಅಷ್ಟೇ. ಗಣಿತವೂ ಹೌದು, ಚಿತ್ರವೂ ಹೌದು. ಹಳೇ ಮದುವೆ ಕಾರ್ಡುಗಳನ್ನು ತರಲು ಹೇಳಿದ್ದೆ. ಮಕ್ಕಳು ಕತ್ತರಿ ಹಿಡಿದು ಕೂತರು.

ಮೂರು ಬದಿಯದು ಸೇರುತ್ತದೆ, ನಾಲ್ಕು, ಆರು ಬದಿಯವೂ ಸೇರುತ್ತವೆ, ಐದು ಬದಿಯದು ಮಾತ್ರ ಸೇರುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದುಬಿಟ್ಟೆ. ಹಿಂದಿನ ಬೆಂಚಿನ ಗೋಮತಿ ಎದ್ದು ನಿಂತಳು. ಮನೆಯಲ್ಲಿ ತಮಿಳು ಮಾತಾಡುವ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ.

“ಮಿಸ್, ನಂದು ಸೇರ್ತೈತೆ” ಅಂದಳು.

ಹೋಗಿ ನೋಡಿದೆ. ಅವಳು ಕತ್ತರಿಸಿದ್ದು ಮನೆಯ ಆಕಾರ. ಎರಡು ಗೋಡೆ, ಕೆಳಗೊಂದು ನೆಲ, ಮೇಲೆ ಇಳಿಜಾರಿನ ಎರಡು ಸೂರು, ಒಟ್ಟು ಐದು ಬದಿ. ತಾನಿರುವ ಗಣಿ ಕಾರ್ಮಿಕರ ಲೈನ್ ಮನೆಗಳಂತೆ ಒಂದು ಸಾಲು ಜೋಡಿಸಿ, ಸೂರುಗಳ ನಡುವಿನ ತಗ್ಗಿಗೆ ಇನ್ನೊಂದು ಸಾಲನ್ನು ತಲೆಕೆಳಗಾಗಿ ಕೂರಿಸಿದ್ದಳು. ಕೂದಲು ತೂರುವಷ್ಟೂ ಸಂದಿಯಿರಲಿಲ್ಲ. ಸೇರುವುದಿಲ್ಲ ಎನ್ನುವ ಮಾತು ಬದಿ, ಮೂಲೆ ಎಲ್ಲ ಸಮವಾಗಿರುವ ಪಂಚಭುಜದ್ದು. ನಾನು ಅದನ್ನು ಹೇಳದೆ ಬರೆದಿದ್ದೆ. ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಬೋರ್ಡ್ ಒರೆಸಿದೆ. ಆವತ್ತು ಅವಳ ಮುಖ ನೋಡಬೇಕಿತ್ತು.

ಮುಂದಿನ ತಿಂಗಳು ಬಂಗಾರಪೇಟೆಯಲ್ಲಿ ಸುತ್ತಲಿನ ಶಾಲೆಗಳ ಗಣಿತ ಪ್ರದರ್ಶನವಿತ್ತು. ಗೆದ್ದವರು ಕೋಲಾರಕ್ಕೆ ಹೋಗುತ್ತಾರೆ. ಗೋಮತಿ ಹದಿನೈದು ದಿನ ಕೂತು, ಮನೆಗಳಿಗೆಲ್ಲ ಬಣ್ಣ ಹಚ್ಚಿ, ದೊಡ್ಡ ರಟ್ಟಿನ ತುಂಬ ಅಂಟಿಸಿದಳು.

ತೀರ್ಪುಗಾರರಾಗಿ ಬಂದ ಮೇಷ್ಟ್ರು ಒಂದು ನಿಮಿಷವೂ ನಿಲ್ಲಲಿಲ್ಲ. ಎಷ್ಟು ಬದಿ ಅಂದರು. ಐದು ಅಂದಳು. ಐದು ಬದಿಯದು ಸೇರಲ್ಲ, ಪುಸ್ತಕದಲ್ಲೇ ಇದೆ ಅಂದರು.

“ಸೇರೈತಲ್ಲ ಸಾರ್. ಸಂದು ಎಲ್ಲೈತೆ, ತೋರ್ಸಿ” ಅಂದಳು ಗೋಮತಿ.

ಅವರು ಬಗ್ಗಿ ನೋಡಲೇ ಇಲ್ಲ. ಕೆಂಪು ಪೆನ್ನು ತೆಗೆದು ಆ ರಟ್ಟಿನ ಮೇಲೇ ಅಡ್ಡಗೆರೆ ಎಳೆದುಬಿಟ್ಟರು. ನನ್ನ ಮೈ ಉರಿದುಹೋಯಿತು. ಪುಸ್ತಕ ಹೇಳುವುದು ಸಮ ಪಂಚಭುಜದ ವಿಷಯ ಸಾರ್ ಎಂದು ವಿವರಿಸಲು ಹೋದೆ. ಇಂಥ ತಪ್ಪು ಕಲಿಸುತ್ತೀರೆಂದು ನಿಮ್ಮ ಹೆಡ್‌ಮಾಸ್ಟರಿಗೆ ಬರೆಯಬೇಕಾಗುತ್ತೆ ಅಂದರು. ಸುತ್ತಲಿದ್ದ ಟೀಚರುಗಳೆಲ್ಲ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಬಹುಮಾನ ಹೋಗಿದ್ದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಒಂದು ಫ್ಲೆಕ್ಸಿಗೆ. ಅದರ ಪಕ್ಕ ನಿಂತ ಮಗುವಿನದೇನೂ ತಪ್ಪಿಲ್ಲ. ಆದರೆ ಕತ್ತರಿ ಮುಟ್ಟದ ಆ ಫ್ಲೆಕ್ಸಿನ ಮುಂದೆ ಅದೇ ಮೇಷ್ಟ್ರು ಹತ್ತು ನಿಮಿಷ ನಿಂತು ತಲೆದೂಗಿದ್ದನ್ನು ನಾನು ಕಣ್ಣಾರೆ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಗೋಮತಿ ಅಳಲಿಲ್ಲ, ಏನೂ ಕೇಳಲಿಲ್ಲ. ಹೋಗಲಿ, ಮರೆತಳು ಅಂದುಕೊಂಡೆ.

ಆಮೇಲೆ ಕಿರುಪರೀಕ್ಷೆಯಲ್ಲಿ ಬೇಕೆಂದೇ ಒಂದು ಪ್ರಶ್ನೆ ಕೊಟ್ಟೆ: ಐದು ಬದಿಯ ಆಕೃತಿಗಳನ್ನು ಸಂದಿಯಿಲ್ಲದೆ ಜೋಡಿಸಬಹುದೇ? ಗೋಮತಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಸಾಧ್ಯವಿಲ್ಲ.’

ಕರೆದು ಕೇಳಿದೆ, ನೀನೇ ಜೋಡಿಸಿದ್ದೆಯಲ್ಲ ಎಂದು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು: “ಮಾರ್ಕ್ಸ್ ಬೇಕಲ್ಲ ಮಿಸ್. ಅಲ್ಲಿ ನೀವೂ ಸುಮ್ನಾಗ್ಬಿಟ್ರಲ್ಲ.”

ಆ ಮೇಷ್ಟ್ರನ್ನು ನೆನೆದರೆ ಇವತ್ತಿಗೂ ರಕ್ತ ಕುದಿಯುತ್ತದೆ. ಆದರೆ ಅವರು ರಟ್ಟಿನ ಮೇಲೆ ಒಂದು ಗೆರೆ ಎಳೆದು ಹೋದರು, ಅಷ್ಟೇ. ಆ ಗೆರೆಯನ್ನು ಒಪ್ಪಿಕೊಳ್ಳಬೇಕೆಂದು ಅವಳಿಗೆ ಕಲಿಸಿದವಳು ನಾನು.