ಚಿತ್ರ ಅವನದು, ಮಾತು ನನ್ನದು

ಹಳೆಯ ಕಾಮಿಕ್ಸ್ ಕಥೆಯನ್ನು ಮೊದಲಿನಿಂದ ಹೊಸದಾಗಿ ಶುರು ಮಾಡುತ್ತೇವೆ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಬೈಯುತ್ತೇನೆ. ಬೈಯುತ್ತಲೇ ಪುಸ್ತಕವನ್ನು ತರಿಸಿಕೊಳ್ಳುತ್ತೇನೆ. ಇಳಕಲ್ಲಿನಲ್ಲಿ ನಮ್ಮದು ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡು. ಐವತ್ತು ದಾಟಿದ, ಅರ್ಧ ಗಡ್ಡ ನೆರೆತ ಮನುಷ್ಯ ಕಲ್ಲಿನ ಹಲಗೆಗಳ ನಡುವೆ ಕಾಮಿಕ್ಸ್ ಹಿಡಿದು ಕೂತರೆ ಕೆಲಸದವರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಗಲಿ, ನನ್ನದೇನು ಹೋಗಬೇಕು?

ಆದರೆ ಈ ಸಲ ಬಂದ ಪುಸ್ತಕವನ್ನು ನಾನು ಶೆಡ್ಡಿನಲ್ಲಿ ಬಿಚ್ಚಲಿಲ್ಲ. ಅದು ಕೈಗೆ ಬಂದ ದಿನವೇ ಅಮೀನಗಡದಿಂದ ನನ್ನ ಗೆಳೆಯನ ಹೆಂಡತಿಯ ಫೋನ್ ಬಂದಿತ್ತು. ಗೆಳೆಯನನ್ನು ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ, ಎದೆ ತೆರೆದು ಆಪರೇಷನ್ ಮಾಡಬೇಕಂತೆ, ತಡ ಮಾಡಿದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ಅದನ್ನೆಲ್ಲ ಹೇಳುವಾಗ ಅವಳು ಅಳಲಿಲ್ಲ. ಅವನು ಒಪ್ಪುತ್ತಿಲ್ಲ, ನಾಳೆ ಬೆಳಿಗ್ಗೆ ಮನೆಗೆ ಹೊರಟೇಬಿಡುತ್ತಾನಂತೆ ಎನ್ನುವಾಗ ಅತ್ತಳು. ಆಪರೇಷನ್ನಿಗೆ ಅಪ್ಪಣೆ ಕೇಳಲು ಮನೆಯ ಹಿರಿಯರು ಬೀರಪ್ಪನ ಗುಡಿಗೆ ಹೋಗಿದ್ದರು. ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಹೂವು ಎಡಕ್ಕೆ ಬಿದ್ದಿತ್ತು.

ಆ ಪುಸ್ತಕ ನಮ್ಮ ಕಂಬಳಿ ವೀರನದು, ಹೊಸದಾಗಿ ಶುರು ಮಾಡಿದ್ದು. ನಾವಿಬ್ಬರೂ ಹುನಗುಂದದಲ್ಲಿ ಸಾಲಿಗೆ ಹೋಗುತ್ತಿದ್ದಾಗ ಬಸ್ ಸ್ಟ್ಯಾಂಡಿನ ಅಂಗಡಿಗೆ ಅವನ ಕಾಮಿಕ್ಸ್ ಬರುತ್ತಿತ್ತು. ನಾನು ಮಾಮೂನ ಮನೆಯಲ್ಲಿದ್ದೆ. ಗೆಳೆಯ ಮರೋಳದ ಕಡೆಯ ಕುರಿ ಸಾಕುವ ಮನೆಯವನು, ಸೋದರತ್ತೆಯ ಮನೆಯಲ್ಲಿದ್ದ. ಒಂದು ಕಾಪಿಯನ್ನು ಇಬ್ಬರೂ ಸೇರಿ ಕೊಳ್ಳುತ್ತಿದ್ದೆವು. ಅವನಿಗೆ ಒತ್ತಕ್ಷರ ಬಂದರೆ ನಾಲಿಗೆ ತೊಡರುತ್ತಿತ್ತು, ನನಗೆ ಚಿತ್ರ ನೋಡುವ ತಾಳ್ಮೆ ಇರಲಿಲ್ಲ. ಹೀಗಾಗಿ ಚಿತ್ರ ಅವನದು, ಮಾತು ನನ್ನದು ಎಂದಾಯಿತು. ನಾನು ಗಟ್ಟಿಯಾಗಿ ಓದಬೇಕು, ಅವನು ಬೆರಳಿಟ್ಟು ಚಿತ್ರ ತೋರಿಸಬೇಕು. ಒಬ್ಬನೇ ಓದುವುದು ದ್ರೋಹ. ಆದರೆ ಆ ಕಳ್ಳ ನಾನು ಬರುವ ಮೊದಲೇ ಚಿತ್ರಗಳನ್ನೆಲ್ಲ ನೋಡಿ ಮುಗಿಸಿರುತ್ತಿದ್ದ. ಆಮೇಲೆ ನಾನು ಓದುವಾಗ ಏನೂ ಗೊತ್ತಿಲ್ಲದವನ ಹಾಗೆ ಬಾಯಿ ತೆರೆದು ಕೂರುತ್ತಿದ್ದ. ನನಗೂ ಅದು ಗೊತ್ತಿತ್ತು, ಹೇಳುತ್ತಿರಲಿಲ್ಲ.

ಕಂಬಳಿ ವೀರ ನಮ್ಮ ಕಡೆಯ ಕುರುಬ. ಬಾದಾಮಿಯ ಕೆಂಪು ಗುಡ್ಡದ ಒಂದು ಗವಿಯಲ್ಲಿ ಇರುತ್ತಿದ್ದ. ಕರಿ ಕಂಬಳಿ ಹೆಗಲ ಮೇಲೆ ಹಾಕಿಕೊಂಡರೆ ಅವನಿಗೆ ಆನೆಯ ಬಲ, ಕೆಳಗಿಟ್ಟರೆ ನಮ್ಮ ಹಾಗೆಯೇ. ಯಾರನ್ನೂ ಕೊಲ್ಲುತ್ತಿರಲಿಲ್ಲ. ಕಳ್ಳರನ್ನು ಹಿಡಿದರೆ ಒಂದು ಪುಟ ಪೂರ್ತಿ ಬೈದು, ಆಮೇಲೆ ಎರಡೇಟು ಹಾಕುತ್ತಿದ್ದ. ಆ ಬೈಗುಳಕ್ಕಾಗಿಯೇ ನಾನು ಓದುತ್ತಿದ್ದೆ. ಅಚ್ಚು ಅಷ್ಟಕ್ಕಷ್ಟೆ, ತುಟಿಯ ಕೆಂಪು ಗಲ್ಲಕ್ಕೆ ಜಾರಿರುತ್ತಿತ್ತು. ಪ್ರತಿ ಕಥೆಯ ಕೊನೆಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚುತ್ತಿದ್ದ. ನಮಗೂ ಹಸಿವಾಗುತ್ತಿತ್ತು.

ಗೆಳೆಯನ ಮನೆಯಲ್ಲೂ ಅಂಥದೊಂದು ಕಂಬಳಿ ಇತ್ತು. ಅದು ಬೀರಪ್ಪನ ಗದ್ದುಗೆಗೆ ಹಾಸಿದ್ದು, ಅವನ ಅಜ್ಜಿ ಅದನ್ನು ದಾಟಲು ಯಾರನ್ನೂ ಬಿಡುತ್ತಿರಲಿಲ್ಲ. ಅದನ್ನು ಮುಟ್ಟಿ ಸುಳ್ಳು ಹೇಳಿದರೆ, ಆ ಮನೆಯ ಸುತ್ತ ಸುಳಿಯುವ ಕೇಡೆಲ್ಲ ಸುಳ್ಳು ಹೇಳಿದವನ ಮೈಮೇಲೆ ಹತ್ತುತ್ತದೆ ಎಂದು ಮುದುಕಿ ಹೇಳುತ್ತಿದ್ದಳು. ನಮ್ಮ ಮನೆಯ ನಂಬಿಕೆ ಬೇರೆ. ಆದರೂ ಅವಳ ಮುಂದೆ ನನ್ನ ಮೈ ಜುಮ್ಮೆನ್ನುತ್ತಿತ್ತು. ರಜೆಗೆ ಅವನ ಊರಿಗೆ ಹೋದಾಗ ನಮ್ಮಿಬ್ಬರ ಜಗಳವೆಲ್ಲ ತೀರುತ್ತಿದ್ದದ್ದು ಆ ಕಂಬಳಿ ಮುಟ್ಟಿಯೇ. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಸಲವೂ ಅದರ ಮೇಲೆ ಸುಳ್ಳು ಹೇಳಿರಲಿಲ್ಲ.

ಬಾಗಲಕೋಟೆಗೆ ಹೋದಾಗ ಸಂಜೆಯಾಗುತ್ತಿತ್ತು. ಹಳೆಯ ಊರಿನ ಪಕ್ಕ ಹಿನ್ನೀರು ಮೇಲೆ ಬಂದಿತ್ತು. ನೀರಿನಲ್ಲಿ ಒಂದು ಗೋಡೆಯ ತುದಿ ಮಾತ್ರ ಕಾಣುತ್ತಿತ್ತು. ಬಸ್ಸಿನಲ್ಲಿ ಯಾರೂ ಆ ಕಡೆ ನೋಡಲಿಲ್ಲ, ನನಗೆ ಮಾತ್ರ ಯಾಕೋ ಆ ಗೋಡೆಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

ಗೆಳೆಯ ಕಾಟಿನ ಮೇಲೆ ಒರಗಿದ್ದ. ಅಮೀನಗಡದ ಹೆದ್ದಾರಿಯಲ್ಲಿ ಲಾರಿಯ ಟೈರುಗಳನ್ನು ಒಬ್ಬನೇ ಬಿಚ್ಚಿ ಹಾಕುವ ಆಳು, ಹಸಿರು ಅಂಗಿಯಲ್ಲಿ ಅರ್ಧ ಆಗಿದ್ದ. ಕಂಬಳಿಯನ್ನು ಮನೆಯಿಂದ ತರಿಸಿಕೊಂಡಿದ್ದ. ಹಾಸಿಗೆಯ ಮೇಲೆ ಬೇಡ ಎಂದು ನರ್ಸಮ್ಮ ಗದರಿದ್ದಕ್ಕೆ ಅದನ್ನು ಮಡಚಿ, ತಲೆಯ ಹತ್ತಿರದ ಪುಟ್ಟ ಕಪಾಟಿನ ಮೇಲೆ ಇಟ್ಟಿದ್ದರು. ನಾನು ಆಪರೇಷನ್ನಿನ ಮಾತೆತ್ತಲಿಲ್ಲ. ಪುಸ್ತಕವನ್ನು ಅವನ ಕಾಲ ಬಳಿ ಇಟ್ಟೆ. ಒಂದು ನಗು ಬಂತು ಅವನ ಮುಖದಲ್ಲಿ, ನಿಲ್ಲಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಒಂದು ಚೀಟಿ ಕೊಟ್ಟು ಗುಳಿಗೆ ತರಲು ಕೆಳಗೆ ಕಳಿಸಿದಳು. ಅಂಗಡಿಯಲ್ಲಿ ಗದ್ದಲ ಇತ್ತು, ಬರುವುದು ತಡವಾಯಿತು. ಬಂದಾಗ ಪುಸ್ತಕ ಕಾಲ ಬಳಿಯೇ ಇತ್ತು, ಅವನು ಕಣ್ಣು ಮುಚ್ಚಿದ್ದ, ಚಸ್ಮಾ ಡಬ್ಬಿಯಲ್ಲಿತ್ತು. ಕಣ್ಣು ಸೋತಿವೆ, ಇವತ್ತು ಚಿತ್ರವನ್ನೂ ನೀನೇ ಹೇಳಬೇಕು ಎಂದ.

ಸರಿ ಎಂದು ಓದಲು ಕೂತೆ. ಬೈಯಲೂ ಕೂತೆ ಅನ್ನಬೇಕು. ಕಾಗದ ಎಂಥದು ಅಂದರೆ ಮುಖ ನೋಡಿಕೊಳ್ಳಬಹುದು, ಆದರೆ ಬಾದಾಮಿಯ ಕೆಂಪು ಗುಡ್ಡವನ್ನು ಸುಟ್ಟ ಇದ್ದಿಲು ಮಾಡಿಟ್ಟಿದ್ದಾರೆ. ಎಲ್ಲ ಪುಟಗಳಲ್ಲೂ ಕತ್ತಲೆ, ಎಲ್ಲ ಪುಟಗಳಲ್ಲೂ ಮಳೆ. ನಮ್ಮ ಸೀಮೆಯಲ್ಲಿ ಇಷ್ಟು ಮಳೆ ಬಿದ್ದಿದ್ದರೆ ವೀರನೇ ಬೇಕಾಗಿರಲಿಲ್ಲವಲ್ಲೋ ಮಾರಾಯಾ ಎಂದೆ. ಗೆಳೆಯ ನಕ್ಕ. ವೀರನ ದವಡೆಯನ್ನು ಕಲ್ಲಿನಲ್ಲಿ ಕಡೆದ ಹಾಗಿದೆ, ಮಾತು ಮಾತ್ರ ಒಂದೊಂದೇ ಶಬ್ದ. ಬೈಯುವುದನ್ನೇ ಮರೆತಿದ್ದಾನೆ. ಬೈಗುಳ ಬಾರದವನು ನಮ್ಮ ಕಡೆ ಹುಟ್ಟಿದ್ದಾದರೂ ಹೇಗೆ? ಒಂದು ಚಿತ್ರ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕುರಿಗಳೆಲ್ಲ ಹೋದ ಮೇಲೆ ಖಾಲಿ ಉಳಿದ ಹಟ್ಟಿ, ಬಾಗಿಲಲ್ಲಿ ಒಂದು ನಾಯಿ. ಅದನ್ನು ಬರೆದವನಿಗೆ ಕುರಿಯ ಹಟ್ಟಿ ಗೊತ್ತಿತ್ತು.

ಮುಂದಿನ ಪುಟದಲ್ಲಿ ಅವ್ವನನ್ನು ಕೊಂದಿದ್ದರು. ರೊಟ್ಟಿಯ ಗಂಟು ಕೆಸರಿನಲ್ಲಿ ಬಿದ್ದಿತ್ತು. ಮಗನಿಗೆ ಸಿಟ್ಟು ಬರಲೆಂದು ತಾಯಿಯನ್ನು ಕೊಲ್ಲುವುದು ಇವರ ಹೊಸ ಕಲೆ. ಸಿಟ್ಟು ಬರಲು ನಮಗೆ ಇನ್ನೇನೂ ಕಾರಣವಿಲ್ಲವೇ? ನನ್ನ ದನಿ ಏರಿತ್ತು, ಪಕ್ಕದ ಕಾಟಿನವರು ನೋಡಿದರು. ಆಗ ನೆನಪಾಯಿತು, ನಾನು ಎಲ್ಲಿ ಕೂತಿದ್ದೇನೆ, ಯಾರಿಗೆ ಓದುತ್ತಿದ್ದೇನೆ ಎಂದು. ಅವ್ವ ಸತ್ತದ್ದನ್ನು ನುಂಗಿ, ಅವ್ವ ರೊಟ್ಟಿ ಕಟ್ಟಿದಳು ಎಂದು ಓದಿದೆ.

ಅಲ್ಲಿಂದ ಪುಟ ತಿರುಗಿಸಿದ ಹಾಗೆಲ್ಲ ಕೆಟ್ಟದ್ದೇ ಇತ್ತು. ಗವಿಯ ಬಾಯಿ ಕುಸಿಯಿತು. ನಾಯಿ ಸತ್ತಿತು. ಕೊನೆಗೆ ಎರಡೂ ಪುಟ ತುಂಬ ಬೆಂಕಿ. ವೀರ ತನ್ನ ಕಂಬಳಿಯನ್ನು ತಾನೇ ಬೆಂಕಿಗೆ ಎಸೆದಿದ್ದಾನೆ, ಅದು ಉರಿಯುತ್ತಿದೆ, ಅವನು ಎದೆ ಹಿಡಿದುಕೊಂಡು ಬೀಳುತ್ತಿದ್ದಾನೆ. ಹಳೆಯವನು ಸತ್ತು ಹೊಸಬನು ಹುಟ್ಟಬೇಕಲ್ಲ, ಅದಕ್ಕಾಗಿ. ಇಡೀ ಜಿಲ್ಲೆಯಲ್ಲಿ ಈ ಪುಸ್ತಕ ತರಬಾರದ ಜಾಗವೊಂದಿದ್ದರೆ ಅದು ಈ ಕಾಟು, ಇಲ್ಲಿಗೇ ತಂದಿದ್ದೆ ನಾನು.

ಬಾಯಿಗೆ ಬಂದದ್ದನ್ನು ಓದತೊಡಗಿದೆ. ಹಳೆಯ ಕಥೆಗಳ ತುಂಡುಗಳನ್ನು ಹೊಲಿದೆ. ವೀರ ಗುಡ್ಡದಿಂದ ಇಳಿದ, ಕಳ್ಳರನ್ನು ಹಿಡಿದ, ಬೈದ. ಆ ಬೈಗುಳವನ್ನು ಮಾತ್ರ ಮನಸಾರೆ ಬೈದೆ. ಗೆಳೆಯ ಕಣ್ಣು ಮುಚ್ಚಿಕೊಂಡೇ ಕೇಳಿದ. ಮುಗಿದ ಮೇಲೆ ಕಣ್ಣು ತೆರೆದ. ಹೊರಗೆ ಯಾವುದೋ ಗಾಡಿಯ ಚಕ್ರ ಕಿರುಗುಟ್ಟುತ್ತಾ ಹೋಯಿತು.

"ಕಂಬಳಿ ಏನಾತು?" ಎಂದ.

"ಏನಾಗ್ತೈತಿ? ಹೆಗಲ ಮ್ಯಾಲೇ ಐತಿ."

"ಮುಟ್ಟಿ ಹೇಳು."

ಅವನು ಕಪಾಟಿನ ಕಡೆ ನೋಡಲೂ ಇಲ್ಲ. ನಾನು ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಆಡಿಯಾಗಿತ್ತು. ಇಲ್ಲ ಎಂದರೆ ಎಡಕ್ಕೆ ಬಿದ್ದ ಹೂವಿನ ಪಕ್ಕದಲ್ಲಿ ಇದೂ ಸೇರುತ್ತದೆ, ಬೆಳಗಾದರೆ ಇವನು ಮನೆಗೆ ಹೊರಡುತ್ತಾನೆ. ಮನೆಗೆ ಹೋದರೆ ಉಳಿಯುವುದಿಲ್ಲ. ಬಾಗಿಲ ಬಳಿ ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನಾನು ಕಂಬಳಿಯ ಮೇಲೆ ಕೈ ಇಟ್ಟೆ. ಉಣ್ಣೆ ಒರಟಾಗಿ, ಬೆಚ್ಚಗೆ, ಯಾರೋ ಈಗಷ್ಟೇ ಹೊದ್ದು ಎದ್ದ ಹಾಗಿತ್ತು. ಹೆಗಲ ಮ್ಯಾಲೇ ಐತಿ ಎಂದು ಇನ್ನೊಮ್ಮೆ ಹೇಳಿದೆ. ಅವನು ಉಸಿರು ಬಿಟ್ಟು, ಹಾಗಾದರೆ ನಾಳೆ ಮಾಡಲಿ ಎಂದ.

ಆಪರೇಷನ್ ಸರಿಹೋಯಿತು. ಎದೆಯ ಮೇಲೆ ಉದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ. ಆಮೇಲೆ ಒಂದು ಮಧ್ಯಾಹ್ನ ಅಮೀನಗಡದಲ್ಲಿ ಅವನ ಅಂಗಡಿಗೆ ಹೋದೆ. ಚಹಾ ಕುಡಿಯುತ್ತಾ ಅವನು ಆ ಪುಸ್ತಕ ಕೇಳಿದ. ಶೆಡ್ಡಿನಲ್ಲಿ ಎಲ್ಲೋ ಬಿದ್ದಿರಬೇಕು ಎಂದು ಜಾರಿಕೊಂಡೆ.

"ಬಚ್ಚಿಡಬ್ಯಾಡ. ನೀ ಗುಳಿಗಿ ತರಾಕ ಹೋದಾಗನ ಎಲ್ಲಾ ಚಿತ್ರ ನೋಡಿದ್ದೆ. ಕಂಬಳಿ ಸುಟ್ಟದ್ದೂ ನೋಡಿದ್ದೆ."

ಕಳ್ಳ. ಹಳೆಯ ಚಾಳಿ ಬಿಟ್ಟಿರಲಿಲ್ಲ. ನಗಬೇಕೆಂದುಕೊಂಡೆ, ಆದರೆ ಅವನ ಮುಖ ನಗುವ ಹಾಗೆ ಇರಲಿಲ್ಲ. ಗೊತ್ತಿದ್ದ ಮೇಲೆ ಯಾಕೆ ಮುಟ್ಟಿಸಿದೆ ಎಂದು ಕೇಳಿದೆ.

"ನೀ ಸುಳ್ಳು ಹೇಳ್ತಿ ಅಂತ ಗೊತ್ತಿತ್ತು. ಹೇಳಿದ್ರ ನನ್ನ ಮ್ಯಾಲಿನ ಕೇಡು ಇಳದು ನಿನ್ನ ಮ್ಯಾಲೆ ಹೋಗ್ತೈತಿ ಅಂತನೂ ಗೊತ್ತಿತ್ತು," ಎಂದ. ಚಹಾದ ಗ್ಲಾಸನ್ನು ಕೆಳಗಿಟ್ಟ. "ಅಂಜಿಕಿ ಆಗಿತ್ತಲೇ. ಭಾಳ ಅಂಜಿಕಿ ಆಗಿತ್ತು ನನಗ."

ನನಗೆ ಬಂದ ಸಿಟ್ಟು ಎಂಥದೆಂದರೆ, ಅಲ್ಲೇ ಬಿದ್ದಿದ್ದ ಟೈರಿಗೆ ಒದ್ದೆ. ಅವನ ಹೊಲಿಗೆ ನೆನಪಾಗದಿದ್ದರೆ ಅವನಿಗೂ ಒಂದು ಬಿಗಿಯುತ್ತಿದ್ದೆನೇನೋ. ನಿಮ್ಮ ಅಜ್ಜಿಯ ಕಥೆಗೆ ನಾನು ಹೆದರುವವನಲ್ಲ ಎಂದು ಕೂಗಿ ಬಸ್ಸು ಹತ್ತಿದೆ. ನಾನು ಅದನ್ನೆಲ್ಲ ನಂಬುವುದಿಲ್ಲ, ಖರೆ. ಆದರೆ ಆ ದಿನದಿಂದ ಶೆಡ್ಡಿನ ಏಣಿ ಹತ್ತುವಾಗ ಉಸಿರನ್ನು ಗಮನಿಸತೊಡಗಿದೆ. ಎಡಗೈ ಜೋಮು ಹಿಡಿದರೆ ಕಲ್ಲು ಎತ್ತಿದ್ದಕ್ಕೆ ಎಂದುಕೊಳ್ಳುತ್ತಿದ್ದೆ. ಕಲ್ಲು ಎತ್ತದ ದಿನವೂ ಹಿಡಿಯಿತು. ನಮಾಜಿನಲ್ಲಿ ಬಾಗಿದರೆ ಎದೆಯಲ್ಲಿ ಏನೋ ಕೂತ ಹಾಗಾಗುತ್ತಿತ್ತು. ಇಳಕಲ್ಲಿನ ಡಾಕ್ಟರು ಇಸಿಜಿ ಪಟ್ಟಿಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿ, ಬಾಗಲಕೋಟೆಗೆ ಹೋಗಿ ಒಮ್ಮೆ ಹೃದಯದ ನಾಳಕ್ಕೆ ನಳಿಗೆ ಬಿಟ್ಟು ನೋಡಿಸಿಕೊಂಡು ಬರ್ರಿ, ತಡ ಬೇಡ ಎಂದರು.

ಯಾರು ಹೇಳಿದರೋ, ಗೆಳೆಯ ಮರುದಿನವೇ ಮನೆಯ ಮುಂದೆ ಗಾಡಿ ತಂದು ನಿಲ್ಲಿಸಿದ. ಬಾಗಲಕೋಟೆಯ ದಾರಿ ಹಿಡಿದೆವು. ಹಿನ್ನೀರಿನಲ್ಲಿ ಆ ಗೋಡೆಯ ತುದಿಯೂ ಮುಳುಗಿತ್ತು.

ಅದೇ ದವಾಖಾನೆ, ಅದೇ ಹಸಿರು ಅಂಗಿ, ಈ ಸಲ ನನ್ನ ಮೈಮೇಲೆ. ಕರೆಯುವವರೆಗೆ ಕಾಯಿರಿ ಎಂದು ಕಾರಿಡಾರಿನಲ್ಲಿ ಗಾಲಿಯ ಕಾಟಿನ ಮೇಲೆ ಮಲಗಿಸಿದರು. ನನ್ನ ಚಸ್ಮಾ ತೆಗೆದಿಟ್ಟಿದ್ದರು, ಗೆಳೆಯನ ಮುಖ ಮಂಜುಮಂಜಾಗಿ ಕಾಣುತ್ತಿತ್ತು. ಅವನು ಚೀಲದಿಂದ ಒಂದು ಪುಸ್ತಕ ತೆಗೆದ. ಎರಡನೆಯ ಸಂಚಿಕೆ. ನಾನು ತರಿಸಿರಲಿಲ್ಲ, ಇವನೇ ತರಿಸಿದ್ದ. ಜೀವಮಾನದಲ್ಲಿ ಮೊದಲ ಸಲ ಮಾತನ್ನು ಅವನು ಓದತೊಡಗಿದ. ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರಕ್ಕೆ ತೊಡರಿ, ಬೆವರಿ. ಅದರಲ್ಲಿ ವೀರ ಕತ್ತಲೆಯಲ್ಲಿ ಎದ್ದಿದ್ದ, ಅವನಿಗೆ ತನ್ನ ಊರೂ ನೆನಪಿರಲಿಲ್ಲ, ಅವ್ವನೂ ನೆನಪಿರಲಿಲ್ಲ. ಎಂಥಾ ದರಿದ್ರ ಕಥೆ ಎಂದು ಬೈಯಬೇಕೆನಿಸಿತು, ನಾಲಿಗೆ ಒಣಗಿತ್ತು.

ಒಳಗಿನಿಂದ ನನ್ನನ್ನು ಕರೆದರು. ಯಾರೋ ಬಂದು ಗಾಲಿಯ ಬೀಗ ತೆಗೆದರು.

"ಕಂಬಳಿ ಏನಾತಲೇ?" ಎಂದೆ.

ಅವನು ಓದುವುದನ್ನು ನಿಲ್ಲಿಸಿದ. ಮೊದಲ ಸಂಚಿಕೆಯಲ್ಲೇ ಅದು ಸುಟ್ಟು ಬೂದಿಯಾಗಿದ್ದು ಇಬ್ಬರಿಗೂ ಗೊತ್ತಿತ್ತು. ನಾನು ಮುಟ್ಟು ಎಂದು ಹೇಳಿರಲಿಲ್ಲ. ಚೀಲದ ಜಿಪ್ಪು ಸರಿದ ಸದ್ದು ಕೇಳಿಸಿತು, ಉಣ್ಣೆಯ ವಾಸನೆ ಬಂತು. ಅವನ ಕೈ ಒಳಗೆ ಹೋಯಿತು.

"ಹೆಗಲ ಮ್ಯಾಲೇ ಐತಿ," ಎಂದ.