ವೆಂಕಟಲಕ್ಷ್ಮಿಯ ಕೈಗೊಂದು ಆರ್ಮ್‌ರೆಸ್ಟ್

ಮಡಿ ಗಿಡಿ ಎಂದರೆ ಮೂಗು ಮುರಿಯುತ್ತಿದ್ದ ವೆಂಕಟಲಕ್ಷ್ಮಿ, ಅರವತ್ತು ದಾಟಿದ ಮೇಲೆ ಒಂದು ಬುಧವಾರ ಇದ್ದಕ್ಕಿದ್ದಂತೆ ಚರ್ಮ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಯಾರಿಗಾದರೂ ಅನುಮಾನ ಬರಬೇಕಿತ್ತು. ಅವಳ ಗಂಡ ಮುರಳೀಧರನಿಗೆ ಬರಲಿಲ್ಲ. ಆ ಮನುಷ್ಯ ಪುದುಪೇಟೆಯ ಹಳೇ ಕಾರುಸಾಮಾನಿನ ಅಂಗಡಿಯಿಂದ ತಂದ, ಕಾರಿನಲ್ಲಿ ಕೈ ಊರುವ ಆರ್ಮ್‌ರೆಸ್ಟನ್ನು ಊಟದ ಮೇಜಿನ ಮೇಲಿಟ್ಟು, ಹಸುಗೂಸಿನ ತಲೆ ಸವರುವ ಹಾಗೆ ಸವರುತ್ತ ನಿಂತಿದ್ದ.

"ಏನೂಂದ್ರೆ, ಇದು ನಿಜವಾದ ಚರ್ಮವಾ?" ಎಂದು ಕೇಳಿದಳು.

"ಹೌದೇ, ರೆಕ್ಸಿನ್ ಅಲ್ಲ. ಅಂಗಡಿಯ ಸಾಯಿ ಒರಿಜಿನಲ್ಲೇ ಹುಡುಕಿ ಕೊಟ್ಟಿದಾನೆ."

"ಹಾಗಾದ್ರೆ ನಾ ಅದರ ಮೇಲೆ ಕೈ ಇಡೋಲ್ಲ."

ಅವಳ ಚಪ್ಪಲಿ ಚರ್ಮದ್ದು. ಆಗ ತಾನೇ ಹೆಗಲಿನಿಂದ ಇಳಿಸಿದ ಬ್ಯಾಗೂ ಚರ್ಮದ್ದೇ. ಮುರಳೀಧರ ಅಷ್ಟು ತೋರಿಸಿದ್ದರೆ ಸಾಕಿತ್ತು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ವರ್ಷದ ಹಿಂದೆ ಆಪರೇಷನ್ ಮಾಡಿ ಅವಳ ಬಲಗಡೆಯ ಸ್ತನ ತೆಗೆದ ಮೇಲೆ ಆತ ಹೆಂಡತಿಯ ಜೊತೆ ವಾದಿಸುವುದನ್ನೇ ಬಿಟ್ಟಿದ್ದ. ಅವಳು ಮಧ್ಯಾಹ್ನವನ್ನು ರಾತ್ರಿ ಅಂದರೂ ಎದ್ದು ದೀಪ ಹಾಕುವಷ್ಟು ಮೆತ್ತಗಾಗಿದ್ದ. "ಸರಿ ಬಿಡು, ಬಟ್ಟೆ ಹೊದಿಸಿದ್ರಾಯ್ತು" ಎಂದವನೇ ಚರ್ಮದ ಹೊಲಿಗೆ ಬಿಚ್ಚಲು ಬ್ಲೇಡು ಹುಡುಕಿಕೊಂಡು ಒಳಗೆ ಹೋದ.

ವಿಷಯ ಇಷ್ಟೇ. ವೆಂಕಟಲಕ್ಷ್ಮಿ ಇನ್ನು ಆ ಕಾರಿನಲ್ಲಿ ಕೂರುವ ಹಾಗಿಲ್ಲ. ಇದು ಅವಳಿಗೆ ಗೊತ್ತು, ಮಗಳು ವೃಂದಾಗೆ ಗೊತ್ತು, ಡಾಕ್ಟರಿಗೆ ಗೊತ್ತು. ಆರ್ಮ್‌ರೆಸ್ಟ್ ಕೂರಿಸಲು ಹೊರಟವನಿಗೆ ಮಾತ್ರ ಗೊತ್ತಿಲ್ಲ.

ಕಾರಿನ ಸಂಗತಿ ಹೇಳದೆ ಮುಂದೆ ಹೋಗುವುದು ಕಷ್ಟ. ಮುರಳೀಧರ ಬ್ಯಾಂಕಿನಲ್ಲಿ ಇದ್ದಷ್ಟು ಕಾಲವೂ ಸ್ಕೂಟರ್ ಮನುಷ್ಯ. ಹೆಂಡತಿಯನ್ನು ಹಿಂದೆ ಒಂದು ಪಕ್ಕಕ್ಕೆ ಕೂರಿಸಿಕೊಂಡು ಮದರಾಸನ್ನೆಲ್ಲ ಸುತ್ತಿದವ. ಅಂಥವನು ರಿಟೈರ್ ಆಗಿ ನಾಲ್ಕು ವರ್ಷವಾದ ಮೇಲೆ, ಒಂದು ದಿನ ಬೆಳಿಗ್ಗೆ ಕೀಲ್ಪಾಕಿನ ಮನೆಯ ಪೋರ್ಟಿಕೋಗೆ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು ನಿಲ್ಲಿಸಿದ. ನೆಲಕ್ಕೂ ಅದಕ್ಕೂ ನಡುವೆ ಬೆಕ್ಕು ನುಸುಳಿದರೆ ಹೆಚ್ಚು. ವೆಂಕಟಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದಳು.

"ಇದನ್ನ ಹತ್ತೋದು ಅನ್ನೋ ಹಾಗೇ ಇಲ್ಲ, ಬಾವಿಗೆ ಇಳಿದ ಹಾಗೆ ಇಳೀಬೇಕು" ಎಂದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮುರಳೀಧರ ಕೀಲಿ ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತಿದ್ದ.

ಅದರಲ್ಲಿ ಅವರು ದೂರ ಹೊರಟದ್ದು ಒಂದೇ ಸಲ, ಎಣ್ಣೂರಿಗೆ. ಮದುವೆಯಾದ ಹೊಸದರಲ್ಲಿ ಆತನಿಗೆ ಅಲ್ಲಿಯ ಬ್ರಾಂಚಿನಲ್ಲಿ ಕೆಲಸ, ಬೀದಿಯ ಕೊನೆಯಲ್ಲೇ ಸಮುದ್ರ ಇದ್ದ ಒಂದು ಬಾಡಿಗೆ ಮನೆ. ಆ ಬೀದಿ ಈಗ ಇದೆಯೋ ಇಲ್ಲವೋ ನೋಡಿ ಬರೋಣ ಎಂದವಳು ಅವಳೇ. ಆದರೆ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಅವಳ ಬಲಗೈಗೆ ನೀರು ತುಂಬಿ ಬಾವು ಬರುತ್ತಿತ್ತು. ಕೂತಾಗ ಆ ಕೈಗೆ ಯಾವಾಗಲೂ ಕೆಳಗಿನಿಂದ ಏನಾದರೂ ಆಸರೆ ಬೇಕು. ಕಾರಿನಲ್ಲಿ ಅವಳ ಬಲಗಡೆಗೆ, ಎರಡು ಸೀಟಿನ ನಡುವೆ ಇದ್ದದ್ದು ಹ್ಯಾಂಡ್‌ಬ್ರೇಕು ಮತ್ತು ಚಿಲ್ಲರೆ ಹಾಕುವ ಒಂದು ಗುಳಿ. ಕಾರು ಮಾಡಿದವರಿಗೆ ಇಂಥ ಹೆಂಗಸು ಅದರಲ್ಲಿ ಕೂತಾಳು ಎಂದು ಹೊಳೆದಿರಲಿಕ್ಕಿಲ್ಲ. ತಿರುವೊಟ್ಟಿಯೂರು ಬರುವಷ್ಟರಲ್ಲಿ ಜೋತುಬಿದ್ದ ಕೈ ಭಾರವಾಗಿ, ಎಡಗೈಯಿಂದ ಅದನ್ನು ಎತ್ತಿ ಹಿಡಿದುಕೊಂಡು ತುಟಿ ಕಚ್ಚಿ ಕೂತಿದ್ದಳು. ಆತ ಅದನ್ನು ನೋಡಿ ಕಾರು ತಿರುಗಿಸಿದ.

ಅವತ್ತಿನಿಂದ ಹಿಡಿಯಿತು ನೋಡಿ, ಆರ್ಮ್‌ರೆಸ್ಟಿನ ಹುಚ್ಚು. ಆ ಮಾಡೆಲ್ಲಿಗೆ ಅದು ಎಲ್ಲೂ ಸಿಗುವುದಿಲ್ಲ ಎಂದು ಅಂಗಡಿಯವರೆಲ್ಲ ಹೇಳಿದರು. ಈತ ಬಿಡಬೇಕಲ್ಲ. ಕೊನೆಗೆ ಪುದುಪೇಟೆಯ ಅಂಗಡಿಯ ಸಾಯಿ, ಬೇರೆ ಯಾವುದೋ ಕಾರಿನದನ್ನು ಬ್ರಾಕೆಟ್ ಹಾಕಿ ಕೂರಿಸಬಹುದು, ಆದರೆ ಸೀಟುಗಳ ನಡುವಿನ ಕನ್ಸೋಲಿಗೆ ತೂತು ಕೊರೆಯಬೇಕಾಗುತ್ತದೆ ಎಂದ.

ಆ ಬುಧವಾರ ವೆಂಕಟಲಕ್ಷ್ಮಿ ಆಸ್ಪತ್ರೆಗೆ ಹೋಗಬೇಕಿತ್ತು. ಯಾವಾಗಲೂ ಜೊತೆಗೆ ಹೋಗುತ್ತಿದ್ದವನು ಮುರಳೀಧರನೇ. ಅವಳ ಸೊಂಟದ ಮೇಲೆ ಬೆನ್ನಿನಲ್ಲಿ ಹೊಸ ನೋವೊಂದು ಶುರುವಾಗಿ ಕೆಲವು ವಾರಗಳಾಗಿದ್ದವು, ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಮನಸ್ಸಿಗೆ ಏನೋ ಅನ್ನಿಸಿರಬೇಕು. "ವೃಂದಾ ಪಲ್ಲಾವರದಿಂದ ಬರ್ತಾಳಲ್ಲ, ನೀವು ಹೋಗಿ ನಿಮ್ಮ ಆರ್ಮ್‌ರೆಸ್ಟ್ ತಗೊಂಡ್ಬನ್ನಿ" ಎಂದು ಆತನನ್ನು ಪುದುಪೇಟೆಗೆ ಅಟ್ಟಿದಳು. ಡಾಕ್ಟರು ಅಲ್ಲೇ ಸ್ಕ್ಯಾನ್ ಮಾಡಿಸಿ, ತೋರಿಸಿ ಹೇಳಿದರು: ರೋಗ ಬೆನ್ನುಮೂಳೆಗೆ ಇಳಿದಿದೆ. ಮೂಳೆ ಟೊಳ್ಳಾಗಿದೆ, ಬಗ್ಗಬಾರದು, ತಗ್ಗಿನ ಸೀಟಿನಲ್ಲಿ ಕೂರಬಾರದು, ಕುಲುಕಾಟ ಕೂಡದು. ಇನ್ನು ಕೊಡುವ ಔಷಧ ನೋವಿಗೆ, ರೋಗಕ್ಕಲ್ಲ.

ವಾಪಸು ಬರುವಾಗ ವೃಂದಾ ತನ್ನ ಕಾರು ಪಕ್ಕಕ್ಕೆ ನಿಲ್ಲಿಸಿ ಅತ್ತಳು. ವೆಂಕಟಲಕ್ಷ್ಮಿ ಅಳಲಿಲ್ಲ.

"ಅಪ್ಪಂಗೆ ಈಗಲೇ ಹೇಳ್ಬೇಡ" ಎಂದಳು.

"ಎತ್ತನೆ ನಾಳ್‌ಮಾ ಮರೈಪ್ಪೆ?" ಮಗಳು ತಮಿಳಿನಲ್ಲೇ ಸಿಡುಕಿದಳು. ಅವಳಿಗೆ ಸಿಟ್ಟು ಬಂದರೆ ಕನ್ನಡ ಬರುತ್ತಿರಲಿಲ್ಲ.

"ಎಷ್ಟು ದಿನ ಆಗತ್ತೋ ಅಷ್ಟು ದಿನ ಮುಚ್ಚಿಡ್ತೀನಿ. ಆ ಕಾರಿನ ಹತ್ರ ಅವರ ಮುಖ ನೋಡಿದೀಯಾ ನೀನು? ಚಿಕ್ಕ ಹುಡುಗ ಆಗ್ಬಿಟ್ಟಿದಾರೆ. ಅದೊಂದು ಕೂರಿಸಿ ಮುಗಿಸ್ಲಿ. ಆಮೇಲೆ ನಾನೇ ಹೇಳ್ತೀನಿ."

ಮನೆಗೆ ಬಂದರೆ ಆರ್ಮ್‌ರೆಸ್ಟ್ ಮೇಜಿನ ಮೇಲಿತ್ತು. "ಡಾಕ್ಟರು ಏನಂದ್ರು?" ಎಂದ ಮುರಳೀಧರ. "ಮಾತ್ರೆ ಬದಲಾಯಿಸಿದಾರೆ ಅಷ್ಟೇ" ಎಂದಳು. ಕಾರು ಸಿದ್ಧವಾಗುವುದನ್ನು ಹೇಗಾದರೂ ಮುಂದೆ ತಳ್ಳಬೇಕಿತ್ತು. ಚರ್ಮ ಕಣ್ಣಿಗೆ ಬಿತ್ತು, ಹಿಡಿದುಕೊಂಡಳು.

ಮಾರನೆಯ ದಿನ ಅಳತೆ. ಕಾರಿಗೆ ಬಂದು ಕೂರು, ಮೊಣಕೈ ಎಲ್ಲಿಗೆ ಬರುತ್ತದೆ ನೋಡುತ್ತೇನೆ ಎಂದ.

"ಅಷ್ಟಕ್ಕೆ ಕಾರು ಯಾಕೆ? ಸೀಟಿನಿಂದ ಮೊಣಕೈ ಎಷ್ಟು ಎತ್ತರ ಅನ್ನೋದು ತಾನೇ ಬೇಕು? ಊಟದ ಕುರ್ಚಿ ಮೇಲೆ ಕೂತ್ರೂ ಅಷ್ಟೇ ಇರತ್ತೆ."

"ಭಲೇ, ನೀ ಇಂಜಿನಿಯರಾಗಬೇಕಿತ್ತು ಕಣೇ" ಎಂದು ಆತ ಮೆಚ್ಚಿಕೊಂಡ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆತ ಮಂಡಿಯೂರಿ, ಬಾವು ತಡೆಯಲು ಬಿಗಿಯಾದ ತೋಳುಚೀಲ ಹಾಕಿದ್ದ ಅವಳ ಕೈಯನ್ನು ಹೂವಿನ ಬುಟ್ಟಿ ಎತ್ತಿದಂತೆ ಎತ್ತಿ, ದರ್ಜಿಯ ಟೇಪು ಹಿಡಿದು ಅಳೆದ. ಸಮಾಧಾನವಾಗದೆ ಮತ್ತೆ ಅಳೆದ. ಅವಳಿಗೆ ಬೆನ್ನಿನಲ್ಲಿ ಕಬ್ಬಿಣದ ಸರಳು ತಿರುವಿದಂತಾಗುತ್ತಿತ್ತು. ಮಂಡಿಯೂರಿ ಕೂತ ಗಂಡನ ನೆತ್ತಿಯ ಬಿಳಿ ಕೂದಲನ್ನು ನೋಡುತ್ತ, ದೇವರೇ, ಈತನಿಗೆ ಹೇಗೆ ಹೇಳಲಿ ಎಂದುಕೊಂಡಳು.

ತೂತು ಕೊರೆಯುವ ದಿನ ಸಾಯಿ ಡ್ರಿಲ್ ತಂದ. ಆ ಕಾರಿನ ಮೇಲೆ ಕಾಗೆ ಕೂತರೂ ಓಡಿಸುತ್ತಿದ್ದವನು ಮುರಳೀಧರ. ಸಾಯಿ, "ಸಾರ್, ನಾನೇ ಮಾಡ್ತೀನಿ, ಕೊಡಿ" ಎಂದರೂ ಕೊಡದೆ, ತಾನೇ ಒಳಗೆ ತೂರಿಕೊಂಡು ಹ್ಯಾಂಡ್‌ಬ್ರೇಕಿನ ಹಿಂದೆ ಗುರುತು ಹಾಕಿದ. ವೆಂಕಟಲಕ್ಷ್ಮಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಪೋರ್ಟಿಕೋದ ಕುರ್ಚಿಯಲ್ಲಿದ್ದಳು. ಈಗ ಹೇಳಿಬಿಟ್ಟರೆ ಕಾರಾದರೂ ಉಳಿಯುತ್ತದೆ ಎನ್ನಿಸಿತು.

"ಏನೂಂದ್ರೆ."

"ಏನೇ?"

ಆತ ಕಾರಿನೊಳಗಿಂದ ತಲೆ ಹೊರಗೆ ಹಾಕಿದ. ಮೂಗಿನ ತುದಿಗೆ ಕನ್ನಡಕ, ಹಣೆಯ ತುಂಬ ಬೆವರು, ಕಣ್ಣಲ್ಲಿ ಹೊಳಪು.

"ಕಾಫಿ ಆರ್ತಾ ಇದೆ" ಎಂದಳು.

"ಆರ್ಲಿ ಬಿಡು" ಎಂದು ಆತ ಡ್ರಿಲ್ ಒತ್ತಿದ.

ಒಂದು ತೂತು ಬಿದ್ದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಆತ ಬೆಳಿಗ್ಗೆ ತಿಂಡಿ ತಿಂದು ಹೊರಗೆ ಹೋದರೆ ಊಟಕ್ಕೇ ಒಳಗೆ ಬರುತ್ತಿದ್ದುದು. ಬ್ರಾಕೆಟ್ ಒಂದು ಸಲ ಎತ್ತರವಾಯಿತೆಂದು ಬಿಚ್ಚಿದ, ಇನ್ನೊಂದು ಸಲ ಹ್ಯಾಂಡ್‌ಬ್ರೇಕಿಗೆ ಅಡ್ಡ ಬಂತೆಂದು ಬಿಚ್ಚಿ, ಪುದುಪೇಟೆಗೆ ಹೋಗಿ ತಗ್ಗಿಸಿಕೊಂಡು ಬಂದ. ಮೆತ್ತಗಿನ ಫೋಮ್ ಇಟ್ಟು, ಅವಳ ಹಳೆಯ ಹತ್ತಿ ಸೀರೆಯ ತುಂಡನ್ನು ಬಿಗಿದು ಹೊದಿಸಿದ. ಗೇರ್ ಹಾಕುವಾಗ ಅದು ತನ್ನ ಮೊಣಕೈಗೆ ಬಡಿಯುತ್ತದೆ ಎಂದು ಊಟಕ್ಕೆ ಕೂತಾಗ ಹೇಳಿದ. "ನನಗೆ ಬಡಿದ್ರೆ ಬಡೀಲಿ. ನಿನಗೆ ಸರಿಹೋದ್ರೆ ಸಾಕು." ಅವಳು ಒಳಗಿನ ಕೋಣೆಯಲ್ಲಿ ಮಲಗಿ, ಹೊರಗಿನ ಸ್ಕ್ರೂಡ್ರೈವರಿನ ಸದ್ದನ್ನೂ ಆತ ತನ್ನಷ್ಟಕ್ಕೆ ಗುನುಗುವುದನ್ನೂ ಕೇಳುತ್ತ, ಇಷ್ಟಾದರೂ ಕೊಟ್ಟೆನಲ್ಲ ಎಂದು ಸಮಾಧಾನ ಪಡುತ್ತಿದ್ದಳು. ನೋವು ತಡೆಯಲಾಗದಿದ್ದಾಗ ದಿಂಬು ಕಚ್ಚುತ್ತಿದ್ದಳು.

ಕೆಲಸ ಮುಗಿಯಿತು. ನಾಳೆ ಎಣ್ಣೂರು ಎಂದ. ನಾಳೆ ಏಕಾದಶಿ, ಉಪವಾಸದಲ್ಲಿ ಪ್ರಯಾಣ ಬೇಡ ಎಂದಳು. ಉಪವಾಸ ಮಾಡಿ ಅವಳಿಗೆ ಎಷ್ಟೋ ವರ್ಷವಾಗಿತ್ತು. ಮರುದಿನ ದ್ವಾದಶಿ, ಪಾರಣೆಗೇ ಹೊತ್ತಾಯಿತು. ಶನಿವಾರ ಹೊಸದಕ್ಕೆ ಕೈ ಹಾಕಬಾರದು ಎಂದಳು. ಭಾನುವಾರ ಸಂಜೆ ಹೊರಡೋಣ ಎಂದರೆ, ಅದೇ ಹೊತ್ತಿಗೆ ರಾಹುಕಾಲ. ಆತ ಒಂದಕ್ಕೂ ಎದುರಾಡದೆ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಸೋಮವಾರ ಬೆಳಿಗ್ಗೆ ಒಂಬತ್ತರ ಮೇಲೆ ಒಳ್ಳೆಯ ಹೊತ್ತು ಎಂದು ತಾನೇ ಕಂಡುಹಿಡಿದ. ಅವಳ ಹತ್ತಿರ ನೆಪ ಮುಗಿದಿತ್ತು.

ಸೋಮವಾರ ಅವಳು ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಗೆ ಬಂದಳು. ಹೊಸ್ತಿಲು ದಾಟುವ ಮೊದಲೇ ಹೇಳಿಬಿಡಬೇಕೆಂದುಕೊಂಡಿದ್ದಳು. ಆತ ಗಡ್ಡ ಹೆರೆದು, ಬಿಳಿ ಅಂಗಿ ಹಾಕಿ, ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಒಳಗೆ ಆರ್ಮ್‌ರೆಸ್ಟ್ ಅಚ್ಚುಕಟ್ಟಾಗಿ ಕೂತಿತ್ತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಮಾಡಿದ್ದ. ಅವಳು ಕಾರಿನ ಹತ್ತಿರಕ್ಕೇ ಬಂದಳು. ಒಂದೇ ಒಂದು ಸಲ ಕೂತು, ಕೈ ಇಟ್ಟು ಎದ್ದುಬಿಟ್ಟರೆ ಏನಾದೀತು ಎಂಬ ಆಸೆ ಬಂತು.

ಎಡಗೈಯಲ್ಲಿ ಬಾಗಿಲು ಹಿಡಿದು ಬಗ್ಗಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಬೆನ್ನು ಸೀಳಿದಂತಾಗಿ, ಮೇಲೂ ಇಲ್ಲ ಕೆಳಗೂ ಇಲ್ಲ ಎಂದು ನಿಂತುಹೋದಳು. ಬಾಯಿಂದ ಹೊರಟ ಸದ್ದು ಅವಳದೇ ಎಂದು ಅವಳಿಗೇ ಗೊತ್ತಾಗಲಿಲ್ಲ. ಮುರಳೀಧರ ಹಿಂದಿನಿಂದ ತಬ್ಬಿ ಹಿಡಿದು, ಮೆಲ್ಲಗೆ ಎಳೆದುಕೊಂಡು ಪೋರ್ಟಿಕೋದ ಕುರ್ಚಿಯಲ್ಲಿ ಕೂರಿಸಿದ. ಅವಳ ಮುಖದ ಬಣ್ಣವೇ ಹೋಗಿತ್ತು. ಉಸಿರು ಹಿಡಿತಕ್ಕೆ ಬಂದ ಮೇಲೆ ಎಲ್ಲವನ್ನೂ ಹೇಳಿದಳು, ಡಾಕ್ಟರು ಹೇಳಿದಷ್ಟೂ.

ಆತ ಅವಳ ಕಾಲ ಬಳಿ ನೆಲದ ಮೇಲೆ ಕೂತು ಕೇಳಿದ.

"ಯಾವತ್ತು ಗೊತ್ತಾಯ್ತು?"

"ನೀವು ಅದನ್ನ ಪುದುಪೇಟೆಯಿಂದ ತಂದ್ರಲ್ಲ, ಅವತ್ತು."

"ಏಕಾದಶಿ ಅಂದದ್ದು, ಚರ್ಮ ಅಂದದ್ದು..."

"ಹೂಂ."

ಆತ ತೆರೆದೇ ಇದ್ದ ಕಾರಿನ ಬಾಗಿಲ ಕಡೆ ನೋಡಿದ. ಅವಳೇ ಅಂದಳು, "ನಿಮಗೆ ಆ ಕಾರು ಅಂದ್ರೆ ಪ್ರಾಣ. ಅಷ್ಟು ಖುಷಿಯಾಗಿದ್ರಿ. ಕೆಡಿಸೋಕೆ ಮನಸ್ಸು ಬರ್ಲಿಲ್ಲ. ನಾಕು ದಿನ ಸುಖವಾಗಿರ್ಲಿ ಅಂತ."

"ಕಾರು ಕಟ್ಕೊಂಡು ನನಗೇನೇ ಆಗ್ಬೇಕು?" ಆತನ ದನಿ ಒಡೆಯಿತು. "ನೀ ಅದನ್ನ ನೋಡಿ ನಕ್ಕೆ ಅಂತ ಇಟ್ಕೊಂಡೆ. ನೀ ಕೂತ್ಕೋಬೇಕು ಅಂತ ತೂತು ಕೊರೆದೆ. ಒಂದು ಮಾತು ಹೇಳಿದ್ರೆ ಅದನ್ನ ಅಲ್ಲೇ ಬಿಸಾಕಿ ಒಳಗೆ ಬರ್ತಿದ್ದೆನಲ್ಲೇ. ಇಷ್ಟು ದಿನ ನಾ ಇಲ್ಲಿ ಸ್ಕ್ರೂ ತಿರುಗಿಸ್ತಾ ಕೂತಿದ್ದೆ, ನೀ ಅಲ್ಲಿ ಒಬ್ಬಳೇ ನೋವು ತಿಂತಾ ಮಲಗಿದ್ದೆ. ನಿನ್ನ ಪಕ್ಕದಲ್ಲಿ ಕೂತಿರಬಹುದಿತ್ತು. ಆ ದಿನಗಳನ್ನ ಈಗ ಎಲ್ಲಿಂದ ತರಲಿ?"

ಆತನಿಗೆ ಏನೋ ಕೊಡುತ್ತಿದ್ದೇನೆಂದು ವೆಂಕಟಲಕ್ಷ್ಮಿ ಮಲಗಿದ್ದ ಆ ದಿನಗಳೆಲ್ಲ ಇಬ್ಬರ ಕೈಯಿಂದಲೂ ಹೋಗಿಬಿಟ್ಟಿದ್ದವು. ಇನ್ನು ಉಳಿದವು ಹೆಚ್ಚಿಲ್ಲ ಎಂಬುದೂ ಈಗ ಇಬ್ಬರಿಗೂ ಗೊತ್ತಿತ್ತು.

"ತಪ್ಪು ಮಾಡಿದೆ" ಎಂದಳು. ಡಾಕ್ಟರ ಮುಂದೆ ಅಳದವಳು, ಮಗಳ ಮುಂದೆ ಅಳದವಳು, ಗಂಡನ ಹೆಗಲು ಹಿಡಿದುಕೊಂಡು, ಎದುರುಮನೆಯವರು ಗೇಟಿನ ಹತ್ತಿರ ಬಂದು ನಿಂತರೂ ಲೆಕ್ಕಿಸದೆ, ಜೋರಾಗಿ ಅತ್ತಳು.