ಕ್ಲೋವರಿಗಾಗಿ ಏಳು ವರ್ಷ

ಹಾಲಿನ ಟ್ಯಾಂಕರ್ ಓಡಿಸುತ್ತ ಇಪ್ಪತ್ತಾರು ವರ್ಷ ಸಾವೊ ಸೀಮೆಯ ಸರೋವರದಂಡೆಯ ಮನೆಗಳನ್ನು ದಿನ ಬಿಟ್ಟು ದಿನ ಸುತ್ತಿದವನು ನಾನು. ಆ ಇಪ್ಪತ್ತಾರು ವರ್ಷಗಳಲ್ಲಿ ರೌಹಾ ಕುಳಿತು ಕಾಫಿ ಕುಡಿದದ್ದನ್ನು ನೋಡಿದ ನೆನಪಿಲ್ಲ. ಬಟ್ಟಲು ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಕುಡಿಯುತ್ತಿದ್ದಳು. ನಮ್ಮ ಫಿನ್ನಿಶ್ ಮಾತಿನಲ್ಲಿ ರೌಹಾ ಎಂದರೆ ಶಾಂತಿ. ಗಂಡನ ಹೆಸರು ತೈಸ್ತೊ, ಅಂದರೆ ಹೋರಾಟ. ಅವನೋ, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತರೆ ತೊಡೆಯ ಮೇಲಿನ ಬೆಕ್ಕು ತಾನಾಗಿ ಎದ್ದು ಹೋಗುವವರೆಗೂ ಏಳದ ಮನುಷ್ಯ. ನಾಮಕರಣದ ದಿನ ಪಾದ್ರಿಗಳು ಎಡವಟ್ಟು ಮಾಡಿಬಿಟ್ಟಿದ್ದಾರೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಸಾವಯವ ಬೇಸಾಯದ ಹುಚ್ಚು ನಮ್ಮ ಕಡೆ ಮೊದಲು ಹತ್ತಿದ್ದು ಅವಳಿಗೇ. ಒಂದು ಚಳಿಗಾಲ ಕೃಷಿ ಶಾಲೆಯ ತರಗತಿಗೆ ಹೋಗಿ ಬಂದವಳು, ಇನ್ನು ಮೇಲೆ ಕಾರ್ಖಾನೆಯ ಗೊಬ್ಬರದ ಒಂದು ಮೂಟೆಯೂ ಅಂಗಳಕ್ಕೆ ಬರಕೂಡದು ಎಂದಳು. ತೈಸ್ತೊ ಆಗಲಿ ಎಂದ. ಆ ವಸಂತದಲ್ಲೇ ಬಾರ್ಲಿಯ ನಡುವೆ ಕೆಂಪು ಕ್ಲೋವರ್ ಮತ್ತು ತಿಮೋತಿ ಹುಲ್ಲಿನ ಬೀಜ ಬಿದ್ದಿತು. ಬಾರ್ಲಿ ಕೊಯ್ದ ಮೇಲೆ ಅದರ ಕೂಳೆಗಳ ಸಂದಿಯಲ್ಲಿ ಮೂರೆಲೆಯ ಪುಟ್ಟ ಗಿಡಗಳು ಹಸಿರಾಗಿ ನಿಂತವು. ಮರುವರ್ಷ ಹೊಲವೆಲ್ಲ ಮೊಣಕಾಲುದ್ದ ಮೇವು, ಕೆಂಪು ಹೂವು, ಅದರ ತುಂಬ ದುಂಬಿಗಳು.

ಒಂದು ದಿನ ನಾನು ಹಾಲಿನ ಕೊಳವೆ ಜೋಡಿಸುತ್ತಿದ್ದಾಗ ಬೇರುಸಹಿತ ಒಂದು ಗಿಡ ಕಿತ್ತು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಬೇರಿನಲ್ಲಿ ರಾಗಿ ಕಾಳಿನಂಥ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ಎಳೆ ಕೆಂಪು.

“ಈ ಬಣ್ಣ ಇದ್ರೆ ಕೆಲಸ ನಡೀತಿದೆ ಅಂತ. ಗಾಳಿಯಿಂದ್ಲೇ ಗೊಬ್ಬರ ಹಿಡಿಯುತ್ತೆ ಇದು” ಎಂದಳು. ನಾನು ತಲೆಯಾಡಿಸುವಷ್ಟರಲ್ಲಿ ಅರ್ಧ ಹೊಲ ದಾಟಿ ಹೋಗಿದ್ದಳು.

ಎರಡು ವರ್ಷ ಮೇವು ಕೊಯ್ದು, ಮೂರನೆಯ ವರ್ಷ ಅದನ್ನು ಉತ್ತು ಮಣ್ಣಿಗೆ ಮಗುಚಿ ರೈ ಧಾನ್ಯ ಬಿತ್ತಬೇಕು. ಆಮೇಲೆ ಓಟ್ಸ್, ಆಮೇಲೆ ಬಾರ್ಲಿ, ಮತ್ತೆ ಓಟ್ಸ್. ಒಂದೇ ನೆಲಕ್ಕೆ ಕ್ಲೋವರ್ ಮರಳುವ ಮೊದಲು ಕಡಿಮೆಯೆಂದರೂ ನಾಲ್ಕು ವರ್ಷ ಬಿಡಬೇಕೆಂದು ಸಾವಯವ ಸಲಹೆಗಾರ್ತಿ ಅವಳಿಗೆ ಹೇಳಿದ್ದಳು. ರೌಹಾ ಎರಡೇ ವರ್ಷ ಬಿಟ್ಟಳು. ಕ್ಲೋವರ್ ತಿಂದ ಹಸುಗಳ ಹಾಲು ಏರಿತ್ತು, ಹೊಸದಾಗಿ ನಾಲ್ಕು ಹಸು ಬಂದಿದ್ದವು. ಬರೀ ಓಟ್ಸ್ ನೋಡುತ್ತ ಕೂರಲು ತನ್ನಿಂದಾಗದು ಎಂದು ನನ್ನೆದುರೇ ಗಂಡನಿಗೆ ಹೇಳಿದ್ದಳು. ನೆಲಕ್ಕೆ ಸುಸ್ತಾಗಬಹುದು ಎಂದು ತೈಸ್ತೊ ಒಂದೇ ಸಲ ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಕ್ಲೋವರಿನ ಮೂರನೆಯ ಸುತ್ತಿನ ಶರತ್ಕಾಲದಲ್ಲಿ ನೆಲ ಹೆಪ್ಪುಗಟ್ಟುವ ಮೊದಲೇ ಹಿಮ ಸುರಿಯಿತು. ಕ್ಲೋವರಿನ ಎಲೆಗಳ ಮೇಲೆ ಕಂದು ಚುಕ್ಕೆ ಇದ್ದದ್ದನ್ನು ಅವಳು ನೋಡಿದ್ದಳು. ಬೆಚ್ಚಗಿನ ನೆಲದ ಮೇಲೆ ದಪ್ಪ ಹಿಮ ಕೂತರೆ ಅಡಿಯಲ್ಲಿ ಕೊಳೆರೋಗ ಹಬ್ಬುತ್ತದೆಂಬುದೂ ಗೊತ್ತಿತ್ತು. ಚಳಿಗಾಲವಿಡೀ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಹಾಲು ಕರೆದಾದ ಕೂಡಲೇ ಸ್ಕೀ ಕಟ್ಟಿಕೊಂಡು ಹೊಲಕ್ಕೆ ಹೋಗುವಳು, ಸಲಿಕೆಯಿಂದ ಒಂದು ಗುಂಡಿ ತೋಡುವಳು, ಏನೂ ತಿಳಿಯದೆ ಮುಚ್ಚುವಳು. ಏಪ್ರಿಲ್ ಬಂದರೂ ಹಿಮ ಕರಗಲಿಲ್ಲ. ತಡೆಯಲಾಗದೆ ಹಬೆಸ್ನಾನದ ಸೌನಾ ಒಲೆಯ ಬೂದಿಯನ್ನೆಲ್ಲ ಬಕೆಟ್ಟುಗಳಲ್ಲಿ ತುಂಬಿ, ಜಾರುಬಂಡಿಯಲ್ಲಿ ಎಳೆದೊಯ್ದು, ಹಿಮದ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆಗಳಾಗಿ ಎರಚಿದಳು. ಬಿಸಿಲನ್ನು ಹೀರಿದ ಆ ಪಟ್ಟೆಗಳು ಐದಾರು ದಿನಗಳಲ್ಲಿ ನೆಲ ಕಾಣುವಂತೆ ತೆರೆದುಕೊಂಡವು.

ನಾನು ಹೋದಾಗ ಅವಳು ಒಂದು ಪಟ್ಟೆಯಲ್ಲಿ ಮೊಣಕಾಲೂರಿದ್ದಳು. ಗಿಡಗಳ ಮೇಲೆ ಬೂದುಬಣ್ಣದ ಬೂಷ್ಟು. ಬೆರಳಿನಿಂದ ಮುಟ್ಟಿದರೆ ಸಾಕು, ಬುಡದಿಂದಲೇ ಕಳಚಿ ಕೈಗೆ ಬರುತ್ತಿದ್ದವು. ಕೊಳೆತ ಬುಡದಲ್ಲಿ ಇಲಿಯ ಹಿಕ್ಕೆಯಂಥ ಕಪ್ಪು ಕಾಳುಗಳು.

“ಇವು ರೋಗದ ಬೀಜ, ಮಣ್ಣಲ್ಲೇ ಕಾಯ್ತಾ ಇರ್ತವಂತೆ. ಏಳು ವರ್ಷ ಕ್ಲೋವರ್ ಮಾತೇ ಎತ್ತಬೇಡ ಅಂದ್ಲು ಸಲಹೆಗಾರ್ತಿ” ಎಂದಳು. ಕಳಚಿದ ಗಿಡಗಳನ್ನು ಬಕೆಟ್ಟಿಗೆ ಹಾಕುತ್ತ, “ನಾನೇ ಸಾಕಿದ ರೋಗ ಇದು” ಎಂದಳು.

ಆ ವರ್ಷ ಮೇವಿಲ್ಲದೆ ಐದು ಹಸು ಮಾರಿದರು. ಲಾರಿ ಬಂದಾಗ ಒಂದೊಂದನ್ನೂ ಅವಳೇ ಹಗ್ಗ ಹಿಡಿದು ಹತ್ತಿಸಿದಳು. ಆಮೇಲೆ ಖಾಲಿ ಗೂಟಗಳ ಮುಂದಿನ ನೆಲವನ್ನು ಸಂಜೆಯವರೆಗೆ ಉಜ್ಜಿದಳಂತೆ.

ಪಕ್ಕದ ಜಮೀನು ಆಹ್ತಿಯದು. ಇಪ್ಪತ್ತು ವರ್ಷದಿಂದ ಧಾನ್ಯ ಬಿಟ್ಟು ಬೇರೇನೂ ಬೆಳೆದವನಲ್ಲ. ರೌಹಾಳ ಹೊಲವನ್ನು “ದುಂಬಿಗಳ ಹೋಟ್ಲು” ಎಂದು ಅಂಗಡಿಯಲ್ಲಿ ನಗಾಡಿದವನು. ಆದರೆ ಅವನ ಮಣ್ಣು ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಹಂಚು. ಆ ಮೇ ತಿಂಗಳಲ್ಲಿ ಅವನ ಗೇಟಿನವರೆಗೆ ಹೋಗಿ ರೌಹಾ ಹಿಂದಿರುಗಿದ್ದನ್ನು ನಾನೇ ಮೂರು ಸಲ ಕಂಡೆ. ನಾಲ್ಕನೆಯ ಸಲ ಒಳಗೆ ಹೋದಳು. ನಾನು ಆಗ ಆಹ್ತಿಯ ಅಂಗಳದಲ್ಲೇ ಅವನ ಜೊತೆ ಮೀನಿನ ಬಲೆ ಬಿಡಿಸುತ್ತಿದ್ದೆ.

“ನಿನ್ನ ಹೊಲಕ್ಕೆ ಯಾವತ್ತಾದ್ರೂ ಕ್ಲೋವರ್ ಹಾಕಿದ್ದೀಯಾ?” ಎಂದು ನಿಂತಲ್ಲಿಂದಲೇ ಕೇಳಿದಳು.

“ನಂಗೇನು ತಲೆ ಕೆಟ್ಟಿತ್ತಾ?”

“ಹಂಗಾದ್ರೆ ನಂಗೆ ಬೇಕಾದ್ದು ಅದೇ ಹೊಲ. ಬದಲು ಮಾಡ್ಕೊಳ್ಳೋಣ. ನಿನ್ನದರಲ್ಲಿ ನಾನು ಕ್ಲೋವರ್ ಹಾಕ್ತೀನಿ, ನನ್ನದರಲ್ಲಿ ನೀನು ಓಟ್ಸ್ ಬೆಳಿ.”

“ನಿನ್ನ ಕೊಳೆತ ಹೊಲ ನನ್ನ ತಲೆಗೆ ಕಟ್ತೀಯಾ?”

“ಆ ಕೊಳೆ ಓಟ್ಸ್‌ನ ಮುಟ್ಟಲ್ಲ. ಆದ್ರೆ ಒಂದು ತೊಟ್ಟೂ ಔಷಧಿ ಹೊಡೀಬಾರ್ದು.”

“ಕಳೆ ಬಂದ್ರೆ?”

“ನಾನೇ ಬಂದು ಕೀಳ್ತೀನಿ.”

ಆಹ್ತಿ ಬಲೆಯಿಂದ ತಲೆಯೆತ್ತಿ ಅವಳನ್ನು ನೋಡಿದ. ಇಡೀ ಊರಿನ ಕಳೆ ಕಿತ್ತರೂ ನಿನ್ನ ಕೈ ಸುಮ್ಮನಿರಲ್ಲ ಬಿಡು ಎಂದು ನಕ್ಕು, ಒಪ್ಪಿಕೊಂಡ.

ಹೀಗೆ ಏಳು ವರ್ಷ ಶುರುವಾಯಿತು. ರೌಹಾ ಆಹ್ತಿಯ ಹೊಲದ ಒಂದೊಂದು ಪಾಲಿಗೆ ಸರದಿಯಂತೆ ಕ್ಲೋವರ್ ಹಾಕುತ್ತ ಹೋದಳು. ಅದನ್ನು ಮಗುಚಿದ ಜಾಗದಲ್ಲಿ ರೈ ಎದೆಮಟ್ಟ ಬಂದಾಗ ಆಹ್ತಿ ಮಣ್ಣನ್ನು ಹಿಡಿಯಲ್ಲಿ ಪುಡಿಮಾಡಿ ನೋಡುವುದನ್ನು ಕಂಡೆ. ಅವಳಿಗೆ ಮಾತ್ರ ನೆಮ್ಮದಿಯಿಲ್ಲ. ಅವನ ಓಟ್ಸಿನಲ್ಲಿ ಮುಳ್ಳುಗಿಡ ಕೀಳುತ್ತ, ತನ್ನದೇ ನೆಲವನ್ನು ಅಲ್ಲಲ್ಲಿ ಕೆದಕಿ ಕಪ್ಪು ಕಾಳು ಹುಡುಕುತ್ತಿದ್ದಳು.

ಆರು ವರ್ಷ ಕಳೆದ ವಸಂತದಲ್ಲಿ ತಾಳ್ಮೆ ತಪ್ಪಿತು. ಎಷ್ಟು ಕೆದಕಿದರೂ ಒಂದು ಕಾಳೂ ಸಿಗಲಿಲ್ಲ, ಇನ್ನು ಕಾಯಲಾರೆ ಎಂದು, ಆಹ್ತಿಗೆ ಬಿಟ್ಟಿದ್ದ ತನ್ನ ಹೊಲಕ್ಕೇ ಹಾಕಲು ಬಿತ್ತುವ ಯಂತ್ರಕ್ಕೆ ಕ್ಲೋವರ್ ಬೀಜ ತುಂಬಿಸಿದಳು. ಟ್ರ್ಯಾಕ್ಟರ್ ಹತ್ತಿದರೆ ಕೀಲಿ ಇಲ್ಲ. ತೈಸ್ತೊ ಅದನ್ನು ಜೇಬಿಗೆ ಹಾಕಿಕೊಂಡು ಗಾಳ ಹಿಡಿದು ದೋಣಿಯಲ್ಲಿ ಹೋಗಿಬಿಟ್ಟಿದ್ದ. ನಾನು ಹಾಲಿನ ಕೋಣೆಯ ಬಾಗಿಲಲ್ಲಿದ್ದೆ. ಅವಳು ದಡಕ್ಕೆ ಓಡಿದಳು, ಕೂಗಿದಳು, ಕೊನೆಗೆ ಹಳೆಯ ದೋಣಿಯನ್ನು ನೀರಿಗೆ ನೂಕಿ ಹುಟ್ಟು ಹಾಕುತ್ತ ಅವನ ಬಳಿ ಹೋದಳು. ಗಾಳಿಯಿರಲಿಲ್ಲ, ಮಾತು ನೀರಿನ ಮೇಲೆ ತೇಲಿ ಬಂತು.

“ಕೊಡು ಕೀಲಿ.”

“ಮುಂದಿನ ವರ್ಷ ಕೊಡ್ತೀನಿ.”

“ನನ್ನ ಕೈಲಿ ಆಗ್ತಿಲ್ಲ ತೈಸ್ತೊ.”

“ಗೊತ್ತು. ಹೋದ್ಸಲ ನಾನು ಒಂದೇ ಸಲ ಹೇಳಿ ಸುಮ್ಮನಾದೆ. ಆ ಐದು ಹಸುಗಳ ವಿಷಯದಲ್ಲಿ ನನ್ನದೂ ತಪ್ಪಿದೆ. ಈ ಸಲ ಸುಮ್ಮನಾಗಲ್ಲ.”

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳೂ ಹಾಗೇ ಅಂದುಕೊಂಡಿರಬೇಕು. ಹುಟ್ಟು ಕೈಯಲ್ಲೇ ಇತ್ತು, ದೋಣಿ ಮೆಲ್ಲಗೆ ತಿರುಗಿತು. ಬಹಳ ಹೊತ್ತಿನ ಮೇಲೆ ಎರಡೂ ದೋಣಿಗಳು ಒಂದರ ಹಿಂದೊಂದು ದಡಕ್ಕೆ ಬಂದವು. ಬೀಜವನ್ನು ಮತ್ತೆ ಚೀಲಕ್ಕೆ ಸುರಿದರು. ಆ ಹೊಲದಲ್ಲಿ ಆ ವರ್ಷವೂ ಆಹ್ತಿ ಓಟ್ಸನ್ನೇ ಬಿತ್ತಿದ.

ಮರುವರ್ಷ ಬಾರ್ಲಿಯ ಜೊತೆ ಕ್ಲೋವರ್ ಬಿತ್ತಿದರು. ಅದರ ಮುಂದಿನ ವಸಂತದಲ್ಲಿ ಹಿಮದಡಿಯಿಂದ ಗಿಡಗಳು ಗಟ್ಟಿಯಾಗಿಯೇ ಎದ್ದವು. ಎರಡು ಕಡೆ ಚಾಪೆಯಗಲ ಸತ್ತಿದ್ದನ್ನು ಅವಳು ಹುಡುಕಿ ನನಗೆ ತೋರಿಸಿದಳು. ಉಳಿದದ್ದೆಲ್ಲ ಬದುಕಿತ್ತು. ಹೊಲಗಳನ್ನು ವಾಪಸ್ಸು ಮಾಡುವ ಮಾತು ಬಂದಾಗ ಆಹ್ತಿ ಒಪ್ಪಲಿಲ್ಲ. ಎರಡೂ ಜಮೀನು ಸೇರಿಸಿ ಒಂದೇ ಸರದಿ ಮಾಡೋಣ, ನಿಮ್ಮ ಸಗಣಿ ಗೊಬ್ಬರದಲ್ಲಿ ನನಗೂ ಪಾಲು ಕೊಡಿ ಎಂದ. ಅವನ ಹೊಲವೂ ಸಾವಯವ ಪಟ್ಟಿಗೆ ಸೇರಿತು.

ಜುಲೈನಲ್ಲಿ ಮೊದಲ ಕೊಯ್ಲಿನ ದಿನ ನಾನು ದಾರಿಬದಿಯಲ್ಲಿ ಟ್ಯಾಂಕರ್ ನಿಲ್ಲಿಸಿದೆ. ಮುಂದೆ ರೌಹಾಳ ಟ್ರ್ಯಾಕ್ಟರ್ ಕೊಯ್ಯುತ್ತಿತ್ತು, ಹಿಂದೆ ಆಹ್ತಿ ರಾಶಿ ಎತ್ತುತ್ತಿದ್ದ. ಮೊದಲ ಹೂಗಳು ಆಗಷ್ಟೇ ಕೆಂಪಾಗುತ್ತಿದ್ದವು. ಹೇಗಿದೆ ಬೆಳೆ ಎಂದು ಕೂಗಿ ಕೇಳಿದೆ. ಚೆನ್ನಾಗಿದೆ, ಆದರೆ ಮಳೆ ಬರುವಷ್ಟರಲ್ಲಿ ಮುಗಿಯಬೇಕಲ್ಲ ಎಂದು ಕೂಗಿ, ನಿಲ್ಲಿಸದೆ ಮುಂದೆ ಹೋದಳು. ಸರೋವರದ ಆಚೆ ದಡದವರೆಗೂ ಆಕಾಶದಲ್ಲಿ ಒಂದು ಮೋಡವಿರಲಿಲ್ಲ.